ಹಡಗಿನವರಿಗೆ ಪಾಸ್‌ಪೋರ್ಟ್ ಕೊಡಿ, ಊರಿನ ಏಜೆಂಟನಿಗೆ ಕೊಡುವ ಮೊದಲು ಯೋಚಿಸಿ

ಪ್ರಶ್ನೆ: ಸಿಂಗಪುರದಿಂದ ಪೆನಾಂಗ್, ಫುಕೆಟ್ ನೋಡಿಕೊಂಡು ಮರಳುವ ಹಡಗಿಗೆ ನಾನು ಮತ್ತು ನಮ್ಮ ಯಜಮಾನರು ಟಿಕೆಟ್ ಮಾಡಿಸಿದ್ದೇವೆ. ಹತ್ತುವಾಗಲೇ ಪಾಸ್‌ಪೋರ್ಟ್ ತೆಗೆದುಕೊಂಡು ಕೊನೆಗೆ ಕೊಡುತ್ತಾರಂತೆ. ಯಾರ ಕೈಗೂ ಕೊಡಬಾರದು ಎಂದು ಕಾನೂನೇ ಇದೆಯಲ್ಲವೇ? (ಗೃಹಿಣಿ, ಕುವೆಂಪುನಗರ, ಮೈಸೂರು)

ಕೊಡಿ ತಾಯಿ. ಹಡಗಿನವರು ಕೇಳಿದಾಗ ಕೊಡದಿದ್ದರೆ ಹತ್ತಿಸಿಕೊಳ್ಳುವುದಿಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ, ಆದರೂ ಹೊಸ ಹೊಸ ವದಂತಿ ಕಟ್ಟಿಕೊಂಡು ಮತ್ತೆ ಬರುತ್ತದೆ.

1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಂ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು, ನಿಜ. ಅದನ್ನು ಸಾಲಕ್ಕೆ ಒತ್ತೆ ಇಟ್ಟುಕೊಳ್ಳುವವನಿಗೆ, ಕೆಲಸದವರಿಂದ ಕಸಿದುಕೊಂಡು ಬೀಗ ಹಾಕುವ ಮಾಲೀಕನಿಗೆ ಈ ಮಾತು ಹೇಳಿ. ಗಡಿ ತಪಾಸಣೆಗೆಂದು ಹಡಗಿನವರು ನಾಲ್ಕು ದಿನ ಇಟ್ಟುಕೊಳ್ಳುವುದು ಬೇರೆ ವಿಷಯ. ಸಾವಿರಾರು ಜನ ಒಂದೇ ಬೆಳಿಗ್ಗೆ ದಡಕ್ಕೆ ಇಳಿಯಬೇಕು. ಹಡಗು ತಲುಪುವ ಮೊದಲೇ ಪ್ರಯಾಣಿಕರ ಪಟ್ಟಿ ಬಂದರಿಗೆ ಹೋಗಿರುತ್ತದೆ. ವಲಸೆ ಅಧಿಕಾರಿಗಳಿಗೆ ಪಾಸ್‌ಪೋರ್ಟ್‌ಗಳು ಒಟ್ಟಿಗೆ ಸಿಕ್ಕರೆ ಕೆಲಸ ಬೇಗ ಮುಗಿಯುತ್ತದೆ. ಕೆಲವು ಬಂದರುಗಳಲ್ಲಿ ಅಧಿಕಾರಿಗಳು ಒಬ್ಬೊಬ್ಬರ ಮುಖವನ್ನೂ ಎದುರಿಗೇ ನೋಡಿ ಬಿಡುತ್ತಾರೆ. ಅಲ್ಲಿ ಪಾಸ್‌ಪೋರ್ಟ್ ನಿಮ್ಮ ಕೈಗೇ ಕೊಟ್ಟು ಸಾಲಿನಲ್ಲಿ ನಿಲ್ಲಿಸುತ್ತಾರೆ. ಕರೆದ ಹೊತ್ತಿಗೆ ಹೋಗಿ, ತಿಂಡಿ ಮುಗಿಸಿ ಬರುತ್ತೇವೆ ಎನ್ನಬೇಡಿ.

ಕೊಡುವಾಗ ರಸೀದಿ ಕೊಟ್ಟರೆ ಜೋಪಾನವಾಗಿ ಇಟ್ಟುಕೊಳ್ಳಿ. ಮೊದಲ ಪುಟ, ಕೊನೆಯ ಪುಟ, ವೀಸಾ, ಇವುಗಳ ಬಣ್ಣದ ಪ್ರತಿ ಕೈಚೀಲದಲ್ಲಿ ಇರಲಿ. ದಡಕ್ಕೆ ಇಳಿಯುವಾಗ ಹಡಗಿನ ಕಾರ್ಡ್ ಮರೆಯಬೇಡಿ, ಬಾಗಿಲಲ್ಲಿ ಅದನ್ನು ಸ್ಕ್ಯಾನ್ ಮಾಡಿಯೇ ಬಿಡುವುದು, ಅದರಿಂದಲೇ ಒಳಗೆ ಸೇರಿಸುವುದು. ಫುಕೆಟ್‌ನಲ್ಲಿ ಗಡಿಯಾರದ ಮೇಲೆ ಕಣ್ಣಿರಲಿ. ಥಾಯ್ಲೆಂಡ್ ಸಮಯ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಸಿಂಗಪುರದ ಸಮಯದಲ್ಲೇ ನಡೆಯುತ್ತಿದ್ದು, ನಿಮ್ಮ ಮೊಬೈಲ್ ತಾನಾಗಿ ಥಾಯ್ಲೆಂಡ್ ಸಮಯಕ್ಕೆ ತಿರುಗಿಕೊಂಡರೆ, ಇನ್ನೂ ಒಂದು ಗಂಟೆ ಇದೆ ಎಂದು ನೀವು ಎಳನೀರು ಕುಡಿಯುತ್ತಿರುವಾಗ ಹಡಗು ಲಂಗರು ಎತ್ತಿರುತ್ತದೆ. ಹಾಗೆ ಹಿಂದೆ ಉಳಿದವರ ಪಾಸ್‌ಪೋರ್ಟನ್ನು ಸಾಮಾನ್ಯವಾಗಿ ಬಂದರಿನಲ್ಲಿರುವ ತಮ್ಮ ಪ್ರತಿನಿಧಿಗೆ ಕೊಟ್ಟು ಹೋಗುತ್ತಾರೆ. ಮುಂದಿನ ಖರ್ಚೆಲ್ಲ ನಿಮ್ಮದೇ.

ಪಾಸ್‌ಪೋರ್ಟ್ ಒಪ್ಪಿಸುವ ಮೊದಲು ಹೊರಕವಚ ತೆಗೆಯಿರಿ, ಒಳಗಿಟ್ಟ ನೋಟು, ಚೀಟಿ, ಪ್ರಸಾದದ ಹೂವು ಎಲ್ಲವನ್ನೂ ತೆಗೆಯಿರಿ. ಕಳೆದ ವರ್ಷ ಮಂಡ್ಯದ ಹಿರಿಯರೊಬ್ಬರು ಚಾಮುಂಡಿ ಬೆಟ್ಟದಲ್ಲಿ ಪೂಜೆ ಮಾಡಿಸಿದ ಪಾಸ್‌ಪೋರ್ಟ್ ತಂದು ನನ್ನ ಮೇಜಿನ ಮೇಲಿಟ್ಟರು. ತೀರ್ಥ ತಾಗಿ ಕುಂಕುಮ ಕರಗಿ ಫೋಟೋ ಪುಟದ ಕೆಳಗೆ ಹರಿದಿತ್ತು. ಅಲ್ಲಿರುವ ಎರಡು ಸಾಲುಗಳನ್ನೇ ಯಂತ್ರ ಓದುವುದು, ಒಂದೊಂದು ಸಾಲಿನಲ್ಲಿ 44 ಅಕ್ಷರ. ಅವುಗಳಲ್ಲಿ ಅರ್ಧ ಕೆಂಪಾಗಿತ್ತು. ಒರೆಸಲು ಹೋಗಿ ಇನ್ನಷ್ಟು ಹರಡಿಸಿದ್ದರು. ಹೊಸ ಪಾಸ್‌ಪೋರ್ಟ್ ಮಾಡಿಸದೆ ಬೇರೆ ದಾರಿ ಇರಲಿಲ್ಲ, ಪ್ರವಾಸ ತಪ್ಪಿತು. ದೇವರ ಮುಂದೆ ಇಡುವುದಾದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಡಿ.

ನೀವು ಭಯಪಡಬೇಕಾದದ್ದು ವೀಸಾದ ವಿಷಯಕ್ಕೆ. ವಿಮಾನದಲ್ಲಿ ಸಿಂಗಪುರಕ್ಕೆ ಇಳಿದಾಗ ಒಂದು ಪ್ರವೇಶ ಆಯಿತು. ಹಡಗು ಹತ್ತಿದಾಗ ದೇಶ ಬಿಟ್ಟಂತಾಯಿತು. ಮರಳಿ ಅದೇ ಬಂದರಿಗೆ ಬಂದಾಗ ಎರಡನೇ ಪ್ರವೇಶ. ಒಂದೇ ಪ್ರವೇಶದ ವೀಸಾ ಇದ್ದರೆ ಹಡಗಿನ ಕೌಂಟರಿನಲ್ಲೇ ನಿಲ್ಲಿಸುತ್ತಾರೆ. ಗ್ರೀಸ್‌ನಿಂದ ಟರ್ಕಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬರುವ ಹಡಗಿಗೂ ಷೆಂಗೆನ್ ವೀಸಾದ (ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ) ಲೆಕ್ಕ ಇದೇ. "ಹಡಗಿನಲ್ಲೇ ಇರುತ್ತೀರಲ್ಲ, ವೀಸಾ ಏಕೆ" ಎನ್ನುವ ಏಜೆಂಟನ ಅಂಗಡಿಯಿಂದ ಆ ಕ್ಷಣವೇ ಎದ್ದು ಬನ್ನಿ. ಸಿಂಗಪುರಕ್ಕೆ ಬರುವವರು ತುಂಬುವ ಆಗಮನ ಕಾರ್ಡ್‌ಗೆ ದುಡ್ಡು ಕೇಳುವವನೂ ಅದೇ ಜಾತಿ. ಅದು ಉಚಿತ, ತಲುಪುವ ಮೊದಲಿನ ಮೂರು ದಿನದೊಳಗೆ ನೀವೇ ತುಂಬಬಹುದು, ಮತ್ತು ಅದು ವೀಸಾ ಅಲ್ಲವೇ ಅಲ್ಲ.

ನನಗೆ ಸಿಟ್ಟು ಬರುವುದು ಇಲ್ಲಿ. ಸಮುದ್ರದ ಮೇಲೆ ನಾಲ್ಕು ದಿನ ಕೊಡಲು ಹೆದರುವವರೇ, ಊರಿನಲ್ಲಿ ನವೀಕರಣಕ್ಕೆಂದು ಯಾವನೋ ಪರಿಚಯದವನಿಗೆ ಎರಡು ತಿಂಗಳು ಮೂಲ ಪಾಸ್‌ಪೋರ್ಟ್ ಕೊಟ್ಟು ರಸೀದಿಯನ್ನೂ ಕೇಳದೆ ಬರುತ್ತಾರೆ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ ದೇಶದಲ್ಲೇ ಮೊದಲು ಆರಂಭವಾದ ಎರಡು ಊರುಗಳಲ್ಲಿ ಮೈಸೂರು ಒಂದು, 2017ರ ಜನವರಿಯಲ್ಲಿ. 36 ಪುಟದ ಪುಸ್ತಕಕ್ಕೆ ಸಾಮಾನ್ಯ ಶುಲ್ಕ 1500 ರೂಪಾಯಿ. ನವೀಕರಣಕ್ಕೆ ಮಧ್ಯವರ್ತಿ ಯಾಕೆ ಬೇಕು?

ಪ್ರಶ್ನೆ: ಅಮೆರಿಕದಲ್ಲಿರುವ ಮಗ ನಮ್ಮನ್ನು ಬಹಾಮಾಸ್ ಹಡಗಿಗೆ ಕರೆದೊಯ್ಯುತ್ತಾನೆ. ಮೊಮ್ಮಗಳಿಗೆ ಜನನ ಪ್ರಮಾಣಪತ್ರ ಸಾಕಂತೆ. ನಮಗೆ? (ನಿವೃತ್ತ ಶಿಕ್ಷಕರು, ಮಂಡ್ಯ)

ಮೊಮ್ಮಗಳು ಅಮೆರಿಕದ ಪ್ರಜೆ. ಒಂದೇ ಬಂದರಿನಿಂದ ಹೊರಟು ಅಲ್ಲಿಗೇ ಮರಳುವ ಹಡಗಿನಲ್ಲಿ ಆ ರಿಯಾಯಿತಿ ಆ ದೇಶದ ಪ್ರಜೆಗಳಿಗೆ ಮಾತ್ರ. ನಿಮಗೆ ಪಾಸ್‌ಪೋರ್ಟ್ ಬೇಕು, ಮರಳುವ ದಿನಕ್ಕೂ ಚಾಲ್ತಿಯಲ್ಲಿರುವ, ಹಲವು ಪ್ರವೇಶದ ಅಮೆರಿಕದ ವೀಸಾ ಬೇಕು, ಹಡಗು ಮುಟ್ಟುವ ದೇಶಗಳ ನಿಯಮವನ್ನೂ ನೋಡಬೇಕು. ಹಡಗಿನಲ್ಲಿ ಹೋಗಿ ಬಂದರೆ ಅಮೆರಿಕದಲ್ಲಿ ಇರಲು ಇನ್ನೂ ಆರು ತಿಂಗಳು ಸಿಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಮರಳುವ ಟಿಕೆಟ್ ಮುಂದೂಡಬೇಡಿ. ಎಷ್ಟು ದಿನ ಎಂಬುದು ಅಧಿಕಾರಿಯ ತೀರ್ಮಾನ, ಹಳೆಯ ಗಡುವೇ ಉಳಿಯಬಹುದು.

ಪ್ರಶ್ನೆ: ಪಾಸ್‌ಪೋರ್ಟ್ ಲ್ಯಾಮಿನೇಷನ್ ಮಾಡಿಸಬಹುದೇ? (ನಂಜನಗೂಡು)

ಖಂಡಿತ ಬೇಡ. ಪ್ರವಾಸಿ ತಾಣಗಳಲ್ಲಿ ನೆನಪಿಗೆಂದು ಒತ್ತುವ ಚಂದದ ಮುದ್ರೆಯೂ ಬೇಡ.

ಪ್ರಶ್ನೆ: ಮುಂಬೈಯಿಂದ ಗೋವಾಕ್ಕೆ ಹೋಗುವ ಹಡಗಿಗೆ? (ಶ್ರೀರಂಗಪಟ್ಟಣ)

ದೇಶದೊಳಗಿನ ಪ್ರಯಾಣ. ಆಧಾರ್ ಅಥವಾ ಮತದಾರರ ಗುರುತಿನ ಚೀಟಿ ಸಾಕು.

ಪ್ರಶ್ನೆ: ಹೊರದೇಶದ ಬಂದರಿನಲ್ಲಿ ಪಾಸ್‌ಪೋರ್ಟ್ ಕಳೆದುಹೋದರೆ? (ವಿಜಯನಗರ, ಮೈಸೂರು)

ಮೊದಲು ಹಡಗಿನವರಿಗೆ ತಿಳಿಸಿ, ಪೊಲೀಸ್ ದೂರು ಕೊಟ್ಟು ಪ್ರತಿ ಪಡೆದು ಭಾರತೀಯ ರಾಯಭಾರ ಕಚೇರಿಗೆ ಹೋಗಿ. ಅಲ್ಲಿ ಕೊಡುವ ತುರ್ತು ಪ್ರಮಾಣಪತ್ರದಿಂದ ಭಾರತಕ್ಕೆ ಮರಳಬಹುದು, ಮುಂದಿನ ಬಂದರಿಗೆ ಹೋಗುವಂತಿಲ್ಲ.