ಜಿರ್ಕೋನಿಯಂ ಡೈಬೋರೈಡ್ 1400 ಡಿಗ್ರಿಗೇ ಯಾಕೆ ಬಿಳಿಪುಡಿಯಾಯಿತು?

ಕರಗುವ ಬಿಂದು ಸುಮಾರು 3245 ಡಿಗ್ರಿ ಸೆಲ್ಸಿಯಸ್ ಇರುವ ಈ ಸೆರಾಮಿಕ್ ವಸ್ತು ಮಫಲ್ ಫರ್ನೇಸಿನಲ್ಲಿ (ಪ್ರಯೋಗಾಲಯದ ಮುಚ್ಚಿದ ಕುಲುಮೆ) 1400ಕ್ಕೇ ಹಾಳಾಯಿತಲ್ಲ, ಪುಡಿ ಕಲಬೆರಕೆಯೇ ಎಂದು ಕೇಳಿದ್ದೀರಿ. ಪುಡಿಯನ್ನು ಅನುಮಾನಿಸಬೇಡಿ. ಗಾಳಿಯಲ್ಲಿ ಕಾಯಿಸುವಾಗ ಕರಗುವ ಬಿಂದು ಲೆಕ್ಕಕ್ಕೇ ಬರುವುದಿಲ್ಲ, ಅಲ್ಲಿ ನಡೆಯುವುದೆಲ್ಲ ಆಕ್ಸಿಜನ್ನಿನ ಆಟ.

ಬೋರೈಡ್ ಉರಿದರೆ ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಮತ್ತು ಬೋರಾನ್ ಆಕ್ಸೈಡ್ ಆಗುತ್ತವೆ. ಎರಡನೆಯದು 450ರ ಹೊತ್ತಿಗೇ ಕರಗಿ, ಜಿರ್ಕೋನಿಯಾದ ಸಂದುಗಳನ್ನು ಗಾಜಿನಂತೆ ಮುಚ್ಚುತ್ತದೆ. ಸುಮಾರು 1100 ದಾಟಿತೋ, ಆ ಗಾಜು ಆವಿಯಾಗತೊಡಗುತ್ತದೆ. ಉಳಿಯುವುದು ತೂತು ತೂತಾದ ಬಿಳಿ ಪದರ. ಆಕ್ಸಿಜನ್ ಸಲೀಸಾಗಿ ಒಳಗೆ ನುಗ್ಗುತ್ತದೆ. ತಣ್ಣಗಾಗುವಾಗ ಜಿರ್ಕೋನಿಯಾ ಸ್ಫಟಿಕರೂಪ ಬದಲಿಸಿ ಹಿಗ್ಗುವುದರಿಂದ ಪದರ ಬಿರಿದು ಉದುರುತ್ತದೆ.

"ತೂಕ ಸ್ವಲ್ಪವೇ ಹೆಚ್ಚಿದೆ, ಹಾಗಾಗಿ ಆಕ್ಸಿಡೇಶನ್ (ಆಕ್ಸಿಜನ್ ಜೊತೆ ಸೇರುವುದು) ಕಮ್ಮಿ" ಎಂದಿದ್ದೀರಲ್ಲ, ಅದು ಮೋಸದ ಲೆಕ್ಕ. 100 ಗ್ರಾಂ ಬೋರೈಡ್ ಪೂರ್ತಿ ಉರಿದು ಎಲ್ಲವೂ ಉಳಿದರೆ ಸುಮಾರು 171 ಗ್ರಾಂ; ಬೋರಾನ್ ಆಕ್ಸೈಡ್ ಎಲ್ಲ ಹಾರಿಹೋದರೆ ಬರೀ 109. ತಕ್ಕಡಿ ನಂಬಬೇಡಿ, ಪೆಲೆಟ್ (ಪುಡಿ ಒತ್ತಿ ಮಾಡಿದ ಬಿಲ್ಲೆ) ಕತ್ತರಿಸಿ ಪದರದ ದಪ್ಪ ಅಳೆಯಿರಿ.

ಪರಿಹಾರ ಹಳೆಯದೇ: ಗಾತ್ರದಲ್ಲಿ ಶೇ. 20ರಷ್ಟು ಸಿಲಿಕಾನ್ ಕಾರ್ಬೈಡ್ ಬೆರೆಸಿ. ಆಗ ಸಿಲಿಕಾ ಸೇರಿದ ಗಾಜು ಹುಟ್ಟಿ 1600ರ ಆಸುಪಾಸಿನವರೆಗೂ ತಡೆದುಕೊಳ್ಳುತ್ತದೆ. ಆದರೆ ಆಕ್ಸಿಜನ್ ತೀರಾ ವಿರಳವಾದ ಕಡೆ ಇದೂ ಕೈಕೊಡುತ್ತದೆ, ಸಿಲಿಕಾನ್ ಮೋನಾಕ್ಸೈಡ್ ಅನಿಲವಾಗಿ ಹೊರಟುಹೋಗುತ್ತದೆ. ಅಂದಹಾಗೆ, ಫರ್ನೇಸಿನ ಒಳಗೋಡೆಯನ್ನೂ ಒಮ್ಮೆ ನೋಡಿ. ಬೋರಾನ್ ಆಕ್ಸೈಡಿನ ಆವಿ ಅಲ್ಲೇ ಕೂತಿರಬಹುದು.