ಸಕ್ಕರೆ ಕಾಯಿಲೆಯ ಕಾಲುಹುಣ್ಣಿಗೆ ಗ್ರೋತ್ ಫ್ಯಾಕ್ಟರ್ ಜೆಲ್ ನಿಜವಾಗಿ ಕೆಲಸ ಮಾಡುತ್ತದೆಯೇ?

ತಂದೆಯವರ ಪಾದದಡಿಯ ಹುಣ್ಣು ತಿಂಗಳಾದರೂ ಮಾಯುತ್ತಿಲ್ಲ, ಡಾಕ್ಟರು ಬೆಕಾಪ್ಲೆರ್ಮಿನ್ ಜೆಲ್ ಬರೆದುಕೊಟ್ಟಿದ್ದಾರೆ, ದುಡ್ಡು ಸುಮ್ನೆ ದಂಡವಾಗುತ್ತದಾ ಅಂತ ಕೇಳಿದ್ದೀರಿ. ಗಾಯಗಳಿಗೆ ಡ್ರೆಸಿಂಗ್ ಮಾಡುವುದೇ ನನ್ನ ಕೆಲಸ. ಜೆಲ್‌ನಿಂದ ಉಪಯೋಗ ಇದೆ, ಆದರೆ ಅದನ್ನೊಂದೇ ನಂಬಿಕೊಂಡರೆ ಇಲ್ಲ.

ಗಾಯವಾದಾಗ ರಕ್ತದ ಪ್ಲೇಟ್‌ಲೆಟ್‌ಗಳು ಅಲ್ಲಿಗೆ ಬಂದು ಕೆಲವು ಪ್ರೋಟೀನುಗಳನ್ನು ಬಿಡುತ್ತವೆ. ಇವೇ ಗ್ರೋತ್ ಫ್ಯಾಕ್ಟರ್‌ಗಳು. ಬನ್ನಿ, ಇಲ್ಲಿ ಹೊಸ ಚರ್ಮ ಕಟ್ಟಿ ಅಂತ ಜೀವಕೋಶಗಳನ್ನು ಕರೆಯುತ್ತವೆ. ಇಂಥ ಪ್ರೋಟೀನುಗಳನ್ನು ಕಂಡುಹಿಡಿದದ್ದಕ್ಕೆ ಸ್ಟ್ಯಾನ್ಲಿ ಕೋಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ 1986ರಲ್ಲಿ ನೊಬೆಲ್ ಬಂತು. ಬೆಕಾಪ್ಲೆರ್ಮಿನ್ ಅಂದರೆ ಪ್ಲೇಟ್‌ಲೆಟ್‌ನ ಅಂಥದೇ ಒಂದು ಪ್ರೋಟೀನು, ಲ್ಯಾಬಿನಲ್ಲಿ ತಯಾರಿಸಿದ್ದು. ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಸಿಕ್ಕಿತು.

ಹಳೆಯ ಹುಣ್ಣಿನ ಕಥೆ ಬೇರೆ. ಅಲ್ಲಿ ಪ್ರೋಟೀನನ್ನು ಕತ್ತರಿಸಿ ಹಾಕುವ ಕಿಣ್ವಗಳು ಜಾಸ್ತಿ ಇರುತ್ತವೆ. ದೇಹ ಕಳಿಸಿದ ಗ್ರೋತ್ ಫ್ಯಾಕ್ಟರನ್ನೂ ಬಿಡುವುದಿಲ್ಲ, ನೀವು ಹಚ್ಚಿದ್ದನ್ನೂ ಬಿಡುವುದಿಲ್ಲ. ಅದಕ್ಕೇ ಸತ್ತ ಚರ್ಮ, ಅಂಚಿನ ಗಟ್ಟಿ ಪದರ ಎಲ್ಲ ಕೆತ್ತಿ ತೆಗೆಯದೆ ಮೇಲೆ ಜೆಲ್ ಸವರಿದರೆ ಏನೂ ಉಪಯೋಗ ಆಗುವುದಿಲ್ಲ. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ ಅಂದರೂ ಅಷ್ಟೇ, ಕರೆದರೂ ಬರುವವರು ಯಾರು?

ಬೆಕಾಪ್ಲೆರ್ಮಿನ್‌ನ ಒಂದು ದೊಡ್ಡ ಪರೀಕ್ಷೆಯಲ್ಲಿ 20 ವಾರದೊಳಗೆ ಹುಣ್ಣು ಪೂರ್ತಿ ಮಾಯ್ದದ್ದು ಜೆಲ್ ಹಚ್ಚಿದವರಲ್ಲಿ ಶೇ. 50, ಔಷಧಿ ಇಲ್ಲದ ಬರೀ ಜೆಲ್ ಹಚ್ಚಿದವರಲ್ಲಿ ಶೇ. 35. ಎರಡೂ ಗುಂಪಿಗೆ ಗಾಯ ಕೆತ್ತಿ ಶುಚಿ ಮಾಡಿದ್ದರು, ಪಾದದ ಮೇಲೆ ಭಾರ ಬೀಳದಂತೆಯೂ ನೋಡಿಕೊಂಡಿದ್ದರು. ನನಗೆ ಈ 35 ತುಂಬಾ ಮುಖ್ಯ ಅನಿಸುತ್ತದೆ. ಔಷಧಿ ಇಲ್ಲದೆಯೂ ಅಷ್ಟು ಜನಕ್ಕೆ ವಾಸಿಯಾಯಿತು, ಅಲ್ವಾ? ತಂದೆಯವರು ಅದೇ ಪಾದದ ಮೇಲೆ ಓಡಾಡುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಭಾರ ತಪ್ಪಿಸುವ ಪ್ಲಾಸ್ಟರ್ ಅಥವಾ ವಿಶೇಷ ಚಪ್ಪಲಿ ಬಗ್ಗೆ ಡಾಕ್ಟರನ್ನು ಕೇಳಿ.

ಹಚ್ಚುವಾಗ ದಪ್ಪ ಮೆತ್ತಬೇಡಿ. ದಿನಕ್ಕೊಂದು ಸಲ ತೆಳುವಾಗಿ ಸವರಿ, ಸಲೈನ್‌ನಲ್ಲಿ (ಗಾಯಕ್ಕೆ ಬಳಸುವ ಉಪ್ಪುನೀರು) ಒದ್ದೆ ಮಾಡಿದ ಗಾಜ್ ಬಟ್ಟೆ ಹಾಕಿ. 12 ಗಂಟೆಯಾದ ಮೇಲೆ ತೊಳೆದು, ಉಳಿದ ಹೊತ್ತಿಗೆ ಜೆಲ್ ಇಲ್ಲದ ಒದ್ದೆ ಡ್ರೆಸಿಂಗ್ ಸಾಕು. ಟ್ಯೂಬನ್ನು ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಅಲ್ಲ.

ಕ್ಯಾನ್ಸರ್ ಭಯದ ಬಗ್ಗೆಯೂ ಕೇಳಿದ್ದೀರಿ. 2008ರಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ ಈ ಜೆಲ್‌ನ ಮೇಲೆ ಕಪ್ಪು ಚೌಕಟ್ಟಿನಲ್ಲಿ ದೊಡ್ಡ ಎಚ್ಚರಿಕೆ ಹಾಕಿಸಿದ್ದು ನಿಜ. 2018ರಲ್ಲಿ ಆ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ತೆಗೆದರು. ಆದರೂ ಹುಣ್ಣಿನ ಜಾಗದಲ್ಲೇ ಗಡ್ಡೆ ಇದ್ದರೆ ಹಚ್ಚುವಂತಿಲ್ಲ. ತಂದೆಯವರಿಗೆ ಹಿಂದೆ ಎಲ್ಲಾದರೂ ಕ್ಯಾನ್ಸರ್ ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಹುಣ್ಣಿನ ಅಳತೆ ಬರೆದಿಟ್ಟುಕೊಳ್ಳಿ. 10 ವಾರದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟಾದರೂ ಕುಗ್ಗದಿದ್ದರೆ ಇನ್ನೊಂದು ಟ್ಯೂಬ್ ಕೊಳ್ಳುವ ಮೊದಲು ಮತ್ತೆ ತೋರಿಸಿ. ಕೆಂಪಾಗಿ ಊದಿದರೆ, ಕೀವು, ವಾಸನೆ, ಜ್ವರ ಬಂದರೆ ಅಷ್ಟು ದಿನ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.