ಮಗನ ಮನೆ ಬೋಟು, ಜೂನ್ ಬಂದರೆ ನನಗೆ ನಿದ್ದೆಯಿಲ್ಲ

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. ಒಬ್ಬನೇ ಮಗ, ವಯಸ್ಸು 32. ಅಮೆರಿಕದ ಫ್ಲೋರಿಡಾದಲ್ಲಿ ಕಂಪ್ಯೂಟರ್ ಕೆಲಸ. ಕಳೆದ ವರ್ಷ ಬಾಡಿಗೆ ಮನೆ ಬಿಟ್ಟು ಒಂದು ಹಳೆಯ ಹಾಯಿ ಬೋಟು ಕೊಂಡ. ಟ್ಯಾಂಪಾ ಕೊಲ್ಲಿಯ ಮರೀನಾ ಒಂದರಲ್ಲಿ ಅದನ್ನು ಕಟ್ಟಿಕೊಂಡು ಅದರಲ್ಲೇ ವಾಸ ಮಾಡುತ್ತಿದ್ದಾನೆ. ಅಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಹರಿಕೇನ್ ಕಾಲವಂತೆ. ದೊಡ್ಡ ಗಾಳಿ ಬಂದರೆ ಏನು ಮಾಡ್ತಿ ಎಂದು ಕೇಳಿದರೆ, "ಬೋಟಲ್ಲೇ ಇದ್ದು ಹಗ್ಗ ನೋಡಿಕೊಳ್ತೇನೆ, ನೀನು ಸುಮ್ನೆ ಹೆದರಬೇಡ" ಅನ್ನುತ್ತಾನೆ. ನಮ್ಮ ಯಜಮಾನರು "ಬೋಟು ಮಾರಿದ ಮೇಲೆ ಫೋನ್ ಮಾಡು" ಎಂದು ಹೇಳಿ ಮಾತು ಬಿಟ್ಟಿದ್ದಾರೆ. ನಾನು ರಾತ್ರಿ ಎರಡೂವರೆಗೆ ಎದ್ದು ಮೊಬೈಲಿನಲ್ಲಿ ತೂಫಾನಿನ ನಕ್ಷೆ ನೋಡುತ್ತೇನೆ. "ಭಾವನಿಗೆ ಎದೆನೋವು ಅಂತ ಹೇಳಿ ಕರೆಸು, ಬಂದ ಮೇಲೆ ಪಾಸ್‌ಪೋರ್ಟ್ ತೆಗೆದಿಡು" ಎಂದು ನನ್ನ ತಮ್ಮ ಹೇಳುತ್ತಾನೆ. ಈ ನಡುವೆ ಪುತ್ತೂರು ಕಡೆಯಿಂದ ಒಂದು ಸಂಬಂಧ ಬಂದಿದೆ. ಮಗ ಫ್ಲ್ಯಾಟಿನಲ್ಲಿದ್ದಾನೆ ಎಂದು ಅವರಿಗೆ ಹೇಳಿಬಿಟ್ಟಿದ್ದೇನೆ. ತಮ್ಮ ಹೇಳಿದ ಹಾಗೆ ಮಾಡಲೇ? ಇಲ್ಲಾ, ನನ್ನ ಮೇಲೆ ಆಣೆ ಹಾಕಿಸಿ ಬೋಟು ಮಾರಿಸಲೇ?

– ಒಬ್ಬ ಅಮ್ಮ

ಅಕ್ಕಾ, ಎದೆನೋವಿನ ಸುಳ್ಳು ಬೇಡವೇ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪನಿಗೆ ಹೀಗಾಗಿದೆ ಎಂದು ಕೇಳಿದ ಮಗ ಸಿಕ್ಕಿದ ವಿಮಾನ ಹತ್ತುತ್ತಾನೆ. ಬೋಟನ್ನು ಭದ್ರ ಮಾಡುವುದಕ್ಕೂ ನಿಲ್ಲುವುದಿಲ್ಲ. ಬಂದು ನೋಡಿದರೆ ಅಪ್ಪ ಗಟ್ಟಿಮುಟ್ಟಾಗಿ ಇರುತ್ತಾರೆ. ಆಮೇಲೆ ನಿಮ್ಮ ಮನೆಯಿಂದ ಹೋಗುವ ಯಾವ ಫೋನನ್ನೂ ಅವನು ನಂಬುವುದಿಲ್ಲ. ನಾಳೆ ನಿಜವಾಗಿ ಯಾರಿಗಾದರೂ ಹುಷಾರು ತಪ್ಪಿದಾಗ ಅದರ ಪೆಟ್ಟು ಬೀಳುವುದು ನಿಮಗೇ. ಪಾಸ್‌ಪೋರ್ಟ್ ತೆಗೆದಿಡುವ ಮಾತಂತೂ ಆಡಲೇಬೇಡಿ. ಅದು 32 ವರ್ಷದವನ ಪಾಸ್‌ಪೋರ್ಟ್, ತಮ್ಮನಿಗೆ ಖಂಡಿತವಾಗಿ ಹೇಳಿ.

ಆಣೆಯೂ ಬೇಡ. ಆಣೆ ಹಾಕಿಸಿಕೊಂಡು ಬೋಟು ಮಾರಿದರೆ ಆ ಕೊರಗನ್ನು ಅವನು ಜೀವಮಾನವಿಡೀ ಇಟ್ಟುಕೊಳ್ಳುತ್ತಾನೆ. ಮಾರದೆ ಹೋದರೆ ಆಣೆ ಮುರಿದ ಅಳುಕಿಗೆ ನಿಮಗೆ ಏನನ್ನೂ ಹೇಳುವುದಿಲ್ಲ. ಈಗ ಕೊನೇ ಪಕ್ಷ "ಬೋಟಲ್ಲೇ ಇರ್ತೇನೆ" ಎಂದು ನಿಜ ಹೇಳುತ್ತಿದ್ದಾನೆ ಅಲ್ವಾ? ಆ ನಿಜ ನಿಮ್ಮ ಕೈಯಲ್ಲಿರುವ ದೊಡ್ಡ ಆಸ್ತಿ. ಅದನ್ನು ಕಳೆದುಕೊಳ್ಳಬೇಡಿ.

ನಿಮ್ಮ ಪತ್ರದಲ್ಲಿ ಎರಡು ಹೆದರಿಕೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಮಗ ಬೋಟಿನಲ್ಲಿ ವಾಸ ಮಾಡುತ್ತಾನೆ ಎನ್ನುವುದು ಒಂದು. ತೂಫಾನಿನ ದಿನವೂ ಬೋಟಿನಲ್ಲೇ ಇರುತ್ತಾನೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಇಷ್ಟು ನಿದ್ದೆಗೆಡುವ ಅಗತ್ಯ ಇಲ್ಲ. ಎರಡನೆಯದರಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ.

ಮರೀನಾ ಎಂದರೆ ಬೋಟುಗಳನ್ನು ತಿಂಗಳ ಬಾಡಿಗೆಗೆ ಕಟ್ಟಿಡುವ ಸಣ್ಣ ಬಂದರು. ಬೋಟು ಎಷ್ಟು ಉದ್ದವೋ ಅದಕ್ಕೆ ತಕ್ಕ ಬಾಡಿಗೆ. ಅದರಲ್ಲೇ ವಾಸ ಮಾಡಲು ಬೇರೆ ಅನುಮತಿ ಬೇಕು. ಕರೆಂಟು, ಕುಡಿಯುವ ನೀರು ದಡದಿಂದ ಬರುತ್ತದೆ. ಸ್ನಾನದ ಮನೆ, ಬಟ್ಟೆ ಒಗೆಯುವ ಮೆಷಿನ್ ಸಾಮಾನ್ಯವಾಗಿ ದಡದಲ್ಲೇ ಇರುತ್ತವೆ. ಅಕ್ಕಪಕ್ಕದ ಬೋಟುಗಳಲ್ಲೂ ಜನ ಇರುತ್ತಾರೆ. ಹಾಯಿ ಬೋಟಿನ ಒಲೆಯನ್ನು, ಬೋಟು ವಾಲಿದರೂ ಪಾತ್ರೆ ಚೆಲ್ಲದ ಹಾಗೆ, ತೂಗುವಂತೆ ಸಿಕ್ಕಿಸಿರುತ್ತಾರೆ. ಒಮ್ಮೆ ವೀಡಿಯೊ ಕಾಲ್‌ನಲ್ಲಿ ಅಡುಗೆ ಮಾಡುವ ಜಾಗ ತೋರಿಸು ಎಂದು ಕೇಳಿ. ಮಗ ಎಲ್ಲಿ ಮಲಗುತ್ತಾನೆ, ಎಲ್ಲಿ ಉಣ್ಣುತ್ತಾನೆ ಎಂದು ಕಣ್ಣಾರೆ ಕಂಡರೆ ನಿಮ್ಮ ಅರ್ಧ ಭಯ ಇಳಿಯುತ್ತದೆ.

ಇನ್ನು ಆ "ಹಗ್ಗ ನೋಡಿಕೊಳ್ತೇನೆ" ಎನ್ನುವ ಮಾತು. ಅಕ್ಕಾ, ಇದು ಧೈರ್ಯದ ಮಾತು ಎಂದು ಅವನು ತಿಳಿದಿದ್ದಾನೆ. ಅದು ನಡೆಯುವ ಕೆಲಸವೇ ಅಲ್ಲ. ಗಂಟೆಗೆ 119 ಕಿಲೋಮೀಟರ್ ಮುಟ್ಟಿದ ಮೇಲೆಯೇ ಆ ಗಾಳಿಗೆ ಹರಿಕೇನ್ ಎಂಬ ಹೆಸರು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟು ಆಗುತ್ತದೆ. ಅಂಥ ಗಾಳಿಯಲ್ಲಿ ಬೋಟಿನ ಮೇಲೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಟನ್‌ಗಟ್ಟಲೆ ಭಾರದ ಬೋಟು ಜಗ್ಗುತ್ತಿರುವ ಹಗ್ಗವನ್ನು ಬರಿಗೈಯಲ್ಲಿ ಬಿಚ್ಚಲು ಹೋದರೆ ಬೆರಳೇ ಹೋಗುತ್ತದೆ. ಅವನ ಹಗ್ಗ ಗಟ್ಟಿಯಿದ್ದರೂ ಪಕ್ಕದ ಬೋಟು ಕಿತ್ತುಕೊಂಡು ಬಂದು ಗುದ್ದಬಹುದು. ಅಷ್ಟು ಹೊತ್ತಿಗೆ ಕರೆಂಟು ಹೋಗಿರುತ್ತದೆ. ಗಾಳಿ ಒಂದು ಮಟ್ಟ ದಾಟಿದ ಮೇಲೆ ಅಲ್ಲಿ ಆಂಬುಲೆನ್ಸೂ ಹೊರಡುವುದಿಲ್ಲ.

ಗಾಳಿಗಿಂತ ದೊಡ್ಡ ಅಪಾಯ ನೀರು. 2022ರ ಸೆಪ್ಟೆಂಬರ್ 28ರಂದು ಇಯಾನ್ ಎಂಬ ಹರಿಕೇನ್ ಬಂದಾಗ ಅದೇ ಕರಾವಳಿಯ ಫೋರ್ಟ್ ಮೈಯರ್ಸ್‌ನಲ್ಲಿ ಕಡಲು ಉಕ್ಕಿ ಬೋಟುಗಳನ್ನು ಎತ್ತಿ ದಡಕ್ಕೆ ಹಾಕಿತು. ಒಂದರ ಮೇಲೊಂದು ರಾಶಿ ಬಿದ್ದ ಆ ಫೋಟೋಗಳನ್ನು ನಿಮ್ಮ ಮಗ ನೋಡಿಯೇ ಇರುತ್ತಾನೆ. ಅವನ ಟ್ಯಾಂಪಾ ಕೊಲ್ಲಿಯ ಕಥೆಯೇ ಕೇಳಿ. 2024ರ ಸೆಪ್ಟೆಂಬರ್ 26ರಂದು ಹೆಲೀನ್ ಎಂಬ ಹರಿಕೇನ್ ಟ್ಯಾಂಪಾದಿಂದ ದೂರದ ಕಡಲಲ್ಲೇ ಹಾದು, ಬಹಳ ಉತ್ತರಕ್ಕೆ ಹೋಗಿ ದಡ ಮುಟ್ಟಿತು. ಆದರೂ ಕೊಲ್ಲಿಯಲ್ಲಿ ಆಳೆತ್ತರ ನೀರು ಏರಿ ಮನೆಗಳಿಗೆ ನುಗ್ಗಿತು. ಎರಡೇ ವಾರಕ್ಕೆ, ಅಕ್ಟೋಬರ್ 9ರಂದು, ಮಿಲ್ಟನ್ ಕೊಲ್ಲಿಯ ದಕ್ಷಿಣಕ್ಕೆ ಬಂದು ಬಡಿಯಿತು. ಆಗ ಗಾಳಿ ಕಡಲ ಕಡೆಗೆ ಬೀಸಿ ಅದೇ ಕೊಲ್ಲಿಯ ನೀರು ಮಾಮೂಲಿಗಿಂತ ಎಷ್ಟೋ ಕೆಳಗೆ ಇಳಿಯಿತು. ಒಮ್ಮೆ ಏರಿತು, ಒಮ್ಮೆ ಇಳಿಯಿತು. ಕತ್ತಲೆಯಲ್ಲಿ ಒಬ್ಬನೇ ಕೂತು ಯಾವ ಹಗ್ಗ ಸಡಿಲ ಮಾಡುವುದು, ಯಾವುದನ್ನು ಬಿಗಿ ಮಾಡುವುದು? ಅವನನ್ನೇ ಕೇಳಿ.

ಫ್ಲೋರಿಡಾದಲ್ಲಿ ಇದಕ್ಕೆ ಒಂದು ಕಾನೂನೇ ಇದೆ. ಹರಿಕೇನ್ ಎಚ್ಚರಿಕೆ ಬಂದ ಮೇಲೆ "ನಿಮ್ಮ ಬೋಟು ಇಲ್ಲಿಂದ ತೆಗೆಯಿರಿ" ಎಂದು ಮರೀನಾದವರು ಬೋಟಿನವರನ್ನು ಒತ್ತಾಯ ಮಾಡುವ ಹಾಗಿಲ್ಲ. ಆಸ್ತಿ ಉಳಿಸಲು ಹೋಗಿ ಜನ ಜೀವ ಕಳೆದುಕೊಳ್ಳಬಾರದು ಎಂಬುದೇ ಅದರ ಉದ್ದೇಶ. ಬೋಟನ್ನು ಬಿಟ್ಟು ಹೊರಡಲು ಆ ಊರಿನ ಕಾನೂನೇ ದಾರಿ ಮಾಡಿಕೊಟ್ಟಿದೆ ಎಂದು ಮಗನಿಗೆ ಹೇಳಿ.

ನಾನು ಕುಂಬಳೆಯ ಕಡಲ ಬದಿಯವಳು. ನಮ್ಮಲ್ಲಿ ಕಡಲು ಕೆಡುತ್ತದೆ ಎಂದು ಗೊತ್ತಾದರೆ ಮೊಗವೀರರು ದೋಣಿಯನ್ನು ಮೇಲಕ್ಕೆ ಎಳೆದು ಹಾಕುತ್ತಾರೆ. ಇಂಜಿನ್ ಕಳಚಿ, ಕೋಲಿಗೆ ಕಟ್ಟಿ, ಇಬ್ಬರು ಹೆಗಲ ಮೇಲೆ ಹೊತ್ತು ಮನೆಗೆ ತರುತ್ತಾರೆ. ಬಲೆಯೂ ಮನೆಗೆ. ದೋಣಿ ಕಾಯುತ್ತೇನೆ ಎಂದು ಆ ರಾತ್ರಿ ಯಾರೂ ಅದರಲ್ಲಿ ಮಲಗುವುದಿಲ್ಲ. ಕಡಲಲ್ಲೇ ಹೊಟ್ಟೆ ಹೊರೆಯುವವರು ಅವರು. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಉಪ್ಪಳದ ಮುಸೋಡಿಯಲ್ಲಿ ಎರಡಂತಸ್ತಿನ ಮನೆ ಕಡಲಿಗೆ ಕುಸಿದದ್ದನ್ನು ನೀವೂ ಟಿವಿಯಲ್ಲಿ ನೋಡಿರಬಹುದು. 2017ರ ನವೆಂಬರ್ ಕೊನೆಗೆ ಓಖಿ ಬಂದಾಗ ತಿರುವನಂತಪುರ ಕಡೆಯ ಎಷ್ಟೋ ಮೀನುಗಾರರು ನಡುಗಡಲಲ್ಲಿ ಸಿಕ್ಕಿಬಿದ್ದು ಹೋದರು. ಅವರಿಗೆ ಎಚ್ಚರಿಕೆ ಸಮಯಕ್ಕೆ ಮುಟ್ಟಿರಲಿಲ್ಲ. ನಿಮ್ಮ ಮಗನಿಗೆ ಮುಟ್ಟುತ್ತದೆ. ಗಾಳಿ ಜೋರಾಗುವ 48 ಗಂಟೆ ಮೊದಲು ಒಂದು ಸೂಚನೆ, 36 ಗಂಟೆ ಮೊದಲು ಇನ್ನೊಂದು ಎಚ್ಚರಿಕೆ. ಅಷ್ಟು ಹೊತ್ತು ಕೈಯಲ್ಲಿದ್ದೂ ಬೋಟಿನಲ್ಲಿ ಕೂರುವುದು ಆ ಸತ್ತವರಿಗೆ ಸಿಗದ ಅವಕಾಶವನ್ನು ಎಸೆದ ಹಾಗೆ. ನನಗೆ ಇದನ್ನು ಬರೆಯುವಾಗ ಸಂಕಟ ಆಗುತ್ತದೆ. ಅವನಿಗೆ ಈ ಮಾತನ್ನು ಓದಿ ಹೇಳಿ.

ಹಾಗಾದರೆ ಅವನಲ್ಲಿ ಏನು ಕೇಳಬೇಕು? ಬೋಟು ಮಾರು ಎಂದು ಕೇಳಬೇಡಿ. ಮೊದಲ ಸೂಚನೆ ಬಂದ ದಿನವೇ ಬೋಟು ಭದ್ರ ಮಾಡಿ ಇಳಿಯುತ್ತೇನೆ, ಎಚ್ಚರಿಕೆ ಬರುವ ಹೊತ್ತಿಗೆ ಇಂಥವರ ಮನೆಯಲ್ಲಿರುತ್ತೇನೆ ಎಂಬ ಒಂದೇ ಮಾತು ತೆಗೆದುಕೊಳ್ಳಿ. ಆ ಮನೆ ಕಡಲಿನಿಂದ ದೂರ ಇರಬೇಕು. ಅಲ್ಲಿ ಜಾಗ ಖಾಲಿ ಮಾಡಿಸಲು ಎ, ಬಿ, ಸಿ ಎಂದು ವಲಯ ಮಾಡಿರುತ್ತಾರೆ. ಹೋಗುವ ಮನೆ ಆ ಯಾವ ವಲಯದಲ್ಲೂ ಇರಬಾರದು. ಗಾಳಿ ಹೆಚ್ಚಿದರೆ ಆ ಕೊಲ್ಲಿಯ ಸನ್‌ಶೈನ್ ಸ್ಕೈವೇ ಸೇತುವೆಯನ್ನು ಮುಚ್ಚುತ್ತಾರೆ. ಆದ್ದರಿಂದ "ನೋಡೋಣ, ಕೊನೆಗೆ ಹೊರಡ್ತೇನೆ" ಎಂದರೆ ಒಪ್ಪಬೇಡಿ.

ಈ ಮಾತುಕತೆ ಯಜಮಾನರೇ ಮಾಡಿದರೆ ಒಳ್ಳೆಯದು. ಮಳೆ ಹಿಡಿಯುವ ಮೊದಲೇ ಅಡಿಕೆಗೆ ಮದ್ದು ಬಿಡಿಸುವವರು ಅವರು. ಕೊಳೆರೋಗ ಬಂದ ಮೇಲೆ ಓಡಾಡಿ ಪ್ರಯೋಜನ ಇಲ್ಲ ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಬೋಟಿನದೂ ಹಾಗೆಯೇ. ಬೈದರೆ ಮಗ "ಏನಿಲ್ಲ" ಎಂದು ಮುಗಿಸುತ್ತಾನೆ. ಕೆಲಸದ ಪ್ರಶ್ನೆ ಕೇಳಿದರೆ ಅರ್ಧ ಗಂಟೆ ಮಾತಾಡುತ್ತಾನೆ. ಬೋಟು ಕಟ್ಟುವ ಕಟ್ಟೆ ತೇಲುವಂಥದ್ದೋ, ಕಂಬಕ್ಕೆ ಬಿಗಿದದ್ದೋ? ತೇಲುವಂಥದ್ದಾದರೆ ಅದನ್ನು ಹಿಡಿದಿರುವ ಕಂಬಗಳು ನೀರಿನಿಂದ ಎಷ್ಟು ಅಡಿ ಮೇಲಿವೆ? ನೀರು ಕಂಬದ ತಲೆ ದಾಟಿದರೆ ಬೋಟು ಕಟ್ಟೆಯ ಸಮೇತ ತೇಲಿ ಹೋಗುತ್ತದೆ. ಮುಂದಿನ ಹಾಯಿಯನ್ನು ಸುತ್ತಿ ಬಿಡುತ್ತೀಯೋ, ಬಿಚ್ಚಿ ಒಳಗೆ ಇಡುತ್ತೀಯೋ? ಸುತ್ತಿಟ್ಟ ಹಾಯಿಯನ್ನು ಅಂಥ ಗಾಳಿ ಬಿಚ್ಚಿ ಹರಿದು ಹಾಕುತ್ತದೆ, ಹಾಯಿ ಬಿಚ್ಚಿಕೊಂಡರೆ ಬೋಟನ್ನೇ ಎಳೆದುಕೊಂಡು ಹೋಗುತ್ತದೆ. ಹಗ್ಗ ಉಜ್ಜುವ ಕಡೆ ಏನು ಸುತ್ತಿದ್ದೀಯ? ಹಗ್ಗ ತುಂಡಾಗುವುದು ಹೆಚ್ಚಾಗಿ ಉಜ್ಜಿ ಸವೆದೇ. ಹಳೆಯ ಫೈರ್ ಹೋಸ್ ಕತ್ತರಿಸಿ ಸುತ್ತುವವರು ಎಷ್ಟೋ ಜನ. ಬೋಟನ್ನು ನೀರಿನಿಂದ ಎತ್ತಿ ಯಾರ್ಡಿನಲ್ಲಿ ನೆಲಕ್ಕೆ ಬೆಲ್ಟು ಬಿಗಿದು ಇಡುವ ವ್ಯವಸ್ಥೆಯೂ ಅಲ್ಲಿದೆ. ಆ ಜಾಗ ಮೊದಲೇ ಕಾದಿರಿಸಬೇಕು. ಇನ್ಶೂರೆನ್ಸ್‌ನವರು ಹರಿಕೇನ್ ಬಂದರೆ ನಿಮ್ಮ ಯೋಜನೆ ಏನು ಎಂದು ಬರೆದುಕೊಡಲು ಕೇಳುವುದುಂಟು. ಬರೆದುಕೊಟ್ಟಿದ್ದರೆ ಅದರದ್ದೊಂದು ಪ್ರತಿ ಅಪ್ಪನಿಗೂ ಕಳಿಸಲಿ.

ಇದೆಲ್ಲ ಮಾಡಿ ಇಟ್ಟರೆ ಬೋಟು ಉಳಿಯಬಹುದು. ಉಳಿಯದೆಯೂ ಇರಬಹುದು. ಹೋದರೆ ಅವನ ದುಡ್ಡು ಹೋಯಿತು, ಆಸೆ ಹೋಯಿತು. ಆಗ "ನಾವು ಹೇಳಲಿಲ್ವಾ" ಎಂದು ಮಾತ್ರ ಯಾರೂ ಹೇಳಬಾರದು. ಇದನ್ನು ಈಗಲೇ ಮನೆಯಲ್ಲಿ ಎಲ್ಲರೂ ಒಪ್ಪಿಕೊಳ್ಳಿ, ತಮ್ಮನೂ ಸೇರಿ. ಆ ಮಾತಿನ ಹೆದರಿಕೆಗೇ ಬೋಟು ಬಿಟ್ಟು ಇಳಿಯದೆ ಕೂರುವ ಮಕ್ಕಳಿರುತ್ತಾರೆ.

ನಿಮ್ಮ ನಿದ್ದೆಯ ವಿಷಯ. ಮಯಾಮಿಯಲ್ಲಿರುವ ರಾಷ್ಟ್ರೀಯ ಹರಿಕೇನ್ ಕೇಂದ್ರ ತೂಫಾನು ಇರುವಾಗ ಆರು ಗಂಟೆಗೊಮ್ಮೆ ವಿವರ ಕೊಡುತ್ತದೆ. ಬೇಸಿಗೆಯ ಲೆಕ್ಕದಲ್ಲಿ ಫ್ಲೋರಿಡಾ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅವರ ಸಂಜೆ ಐದರ ವಿವರ ನಮ್ಮ ರಾತ್ರಿ ಎರಡೂವರೆಗೆ ಬರುತ್ತದೆ. ನೀವು ಏಳುವುದು ಅದಕ್ಕೇ ಇರಬೇಕು. ಅದನ್ನು ಬಿಡಿ. ಬೆಳಿಗ್ಗೆ ಎಂಟೂವರೆಗೆ ಒಂದು, ರಾತ್ರಿ ಎಂಟೂವರೆಗೆ ಒಂದು ನೋಡಿದರೆ ಧಾರಾಳ. ರಾತ್ರಿ ಎಂಟೂವರೆ ಎಂದರೆ ಅಲ್ಲಿ ಬೆಳಿಗ್ಗೆ ಹನ್ನೊಂದು, ಮಗನ ಜೊತೆ ಮಾತಾಡಲೂ ಆಗುತ್ತದೆ. ನಕ್ಷೆಯಲ್ಲಿ ಕಾಣುವ ಕೋನ್ ಆಕಾರ ತೂಫಾನಿನ ನಡುಭಾಗ ಎಲ್ಲಿ ಹೋಗಬಹುದು ಎಂದಷ್ಟೇ ಹೇಳುತ್ತದೆ. ಗಾಳಿ, ನೀರು ಎಲ್ಲಿಯವರೆಗೆ ಹರಡುತ್ತದೆ ಎಂದು ಅದು ಹೇಳುವುದಿಲ್ಲ. ಅದರ ಹೊರಗಿದ್ದೇನೆ, ಪರವಾಗಿಲ್ಲ ಎಂದು ಮಗ ಹೇಳಿದರೆ ಹೆಲೀನ್ ಬಂದ ದಿನವನ್ನು ನೆನಪಿಸಿ. ಇನ್ನು ಜೂನ್ ಒಂದರಿಂದ ನವೆಂಬರ್ ಮೂವತ್ತರವರೆಗೆ ದಿನಾ ಹೆದರಿ ಕೂರಬೇಡಿ. ಜೋರು ಇರುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಸೆಪ್ಟೆಂಬರ್ 10ರ ಆಸುಪಾಸು ಎಲ್ಲಕ್ಕಿಂತ ಜಾಸ್ತಿ.

ತೂಫಾನು ದಾಟಿದ ಮೇಲೆ ಕರೆಂಟು, ಟವರ್ ಎರಡೂ ಹೋಗಿ ಒಂದೆರಡು ದಿನ ಫೋನ್ ಸಿಗದೇ ಇರಬಹುದು. ಅವನು ಹೋಗಿರುವ ಮನೆಯವರ ನಂಬರು, ಬೇರೆ ಊರಿನಲ್ಲಿರುವ ಅವನ ಒಬ್ಬ ಸ್ನೇಹಿತನ ನಂಬರು ಈಗಲೇ ಬರೆದು ಗೋಡೆಗೆ ಅಂಟಿಸಿ. ಅವನು ಬೋಟಿನಿಂದ ಇಳಿದಿದ್ದಾನೆ ಎಂದು ನಿಮಗೆ ಗೊತ್ತಿದ್ದರೆ ಆ ಎರಡು ದಿನ ಹೇಗಾದರೂ ಕಳೆಯುತ್ತವೆ.

ಪುತ್ತೂರಿನವರಿಗೆ ನಿಜ ಹೇಳಿ. ಮದುವೆಯಾಗಿ ಹೋಗುವ ಹುಡುಗಿ ಬದುಕಬೇಕಾದ ಮನೆ ಅದು, ಅವಳಿಗೆ ತಿಳಿಯಲೇಬೇಕು. "ಫ್ಲ್ಯಾಟು ಅಂತ ಹೇಳಿದ್ದೆ, ಈಗ ಇರುವುದು ಬೋಟಿನಲ್ಲಿ, ಉಳಿದದ್ದನ್ನು ಅವನನ್ನೇ ಕೇಳಿ" ಎಂದರೆ ಸಾಕು. ಹುಡುಗಿ ಮತ್ತು ಮಗ ನೇರ ಮಾತಾಡಲಿ. ಅವಳಿಗೆ ಬೇಡ ಅನ್ನಿಸಿದರೆ ಅದು ಅವಳ ಹಕ್ಕು. ಜಾತಕ ನೋಡಿಸುವ ಮೊದಲು ಈ ವಾರವೇ ಫೋನ್ ಮಾಡಿ, ತಡ ಮಾಡಬೇಡಿ.